ಮೇಪಲ್‌ಥಾರ್ಪ್: ಚೌಕಟ್ಟಿನ ಹೊರಗುಳಿದ ಮುಖ

1990ರ ಏಪ್ರಿಲ್ 7ರಂದು ಅಮೆರಿಕದ ಒಹಾಯೋ ರಾಜ್ಯದ ಸಿನ್ಸಿನಾಟಿ ನಗರದ ಸಮಕಾಲೀನ ಕಲಾ ಕೇಂದ್ರದಲ್ಲಿ ಒಂದು ಛಾಯಾಚಿತ್ರ ಪ್ರದರ್ಶನ ಸಾರ್ವಜನಿಕರಿಗೆ ತೆರೆದುಕೊಂಡಿತು. ಅದೇ ದಿನ ಪೊಲೀಸರು ಒಳಗೆ ಬಂದರು. ನೋಡುತ್ತ ನಿಂತವರನ್ನು ಹೊರಗೆ ಕಳಿಸಿ, ಚಿತ್ರಗಳನ್ನು ಸಾಕ್ಷ್ಯಕ್ಕೆಂದು ವಿಡಿಯೋದಲ್ಲಿ ಸೆರೆಹಿಡಿದುಕೊಂಡು ಹೋದರು. ಕಲಾ ಕೇಂದ್ರದ ಮೇಲೂ ಅದರ ನಿರ್ದೇಶಕ ಡೆನ್ನಿಸ್ ಬ್ಯಾರಿಯ ಮೇಲೂ ಅಶ್ಲೀಲತೆಯ ಕ್ರಿಮಿನಲ್ ಮೊಕದ್ದಮೆ ನಡೆಯಿತು. ಪ್ರದರ್ಶನಕ್ಕಿಟ್ಟ ಕೃತಿಗಳಿಗಾಗಿ ಅಮೆರಿಕದ ಒಂದು ಕಲಾಸಂಸ್ಥೆಯೇ ಆರೋಪಿಯಾಗಿ ನಿಂತದ್ದು ಅದೇ ಮೊದಲು. ಆ ಚಿತ್ರಗಳನ್ನು ತೆಗೆದ ರಾಬರ್ಟ್ ಮೇಪಲ್‌ಥಾರ್ಪ್ ತೀರಿಕೊಂಡು ಆಗ ಹದಿಮೂರು ತಿಂಗಳಾಗಿತ್ತು.

ಈ ಕಥೆಯನ್ನು ಸಾಮಾನ್ಯವಾಗಿ ಹೇಳುವ ರೀತಿಯೊಂದಿದೆ. ಒಂದು ಕಡೆ ದಿಟ್ಟ ಕಲಾವಿದ, ಇನ್ನೊಂದು ಕಡೆ ನೀತಿಯ ಕಾವಲುಗಾರರು. ಕೊನೆಗೆ ನ್ಯಾಯಾಲಯದಲ್ಲಿ ಕಲೆಗೆ ಗೆಲುವು. ನಾವು ಕೂಡ ಬಹಳ ಕಾಲ ಇದನ್ನು ಹೀಗೆಯೇ ನಂಬಿದ್ದೆವು, ಹೀಗೆಯೇ ಇತರರಿಗೂ ಹೇಳಿದ್ದೆವು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ಎರಡು ಪಕ್ಷಗಳ ಜಗಳದ ನಡುವೆ ಮೂರನೆಯವರೊಬ್ಬರು ಇದ್ದರು. ಅವರು ಚಿತ್ರದೊಳಗೆ ಇದ್ದವರು. ಅವರ ಕಡೆಯಿಂದ ಬಂದ ಪ್ರಶ್ನೆಯನ್ನು ನ್ಯಾಯಾಲಯ ಕೇಳಲಿಲ್ಲ, ಕೇಳುವುದು ಅದರ ಕೆಲಸವೂ ಆಗಿರಲಿಲ್ಲ. ಮೇಪಲ್‌ಥಾರ್ಪ್ ಬಿಟ್ಟುಹೋದ ಪರಂಪರೆಯಲ್ಲಿ ಇಂದಿಗೂ ಜೀವಂತವಾಗಿರುವುದು ಆ ಪ್ರಶ್ನೆಯೇ ಎಂಬುದು ನಮ್ಮ ಅನಿಸಿಕೆ.

ಮೊದಲು ಮನುಷ್ಯನ ಬಗ್ಗೆ ಸ್ವಲ್ಪ ಹೇಳಬೇಕು. ಮೇಪಲ್‌ಥಾರ್ಪ್ ಹುಟ್ಟಿದ್ದು 1946ರ ನವೆಂಬರ್ 4ರಂದು, ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಫ್ಲೋರಲ್ ಪಾರ್ಕ್‌ನಲ್ಲಿ. ಕಟ್ಟಾ ಕ್ಯಾಥೊಲಿಕ್ ಕುಟುಂಬ, ಆರು ಮಕ್ಕಳಲ್ಲಿ ಈತ ಮೂರನೆಯವನು. ತಂದೆ ಎಂಜಿನಿಯರ್. ಭಾನುವಾರದ ಪ್ರಾರ್ಥನೆ, ಮೇಣದ ಬತ್ತಿ, ಶಿಲುಬೆ, ಅಚ್ಚುಕಟ್ಟಾಗಿ ಜೋಡಿಸಿದ ಬಲಿಪೀಠ, ಇವೆಲ್ಲ ಆತನ ಬಾಲ್ಯದ ನೋಟಗಳು. ನಂಬಿಕೆಯಿಂದ ದೂರ ಸರಿದ ಮೇಲೂ ಆ ಜೋಡಣೆ ಆತನನ್ನು ಬಿಡಲಿಲ್ಲ. ನಡುವೆ ಒಂದು ವಸ್ತು, ಎರಡೂ ಬದಿಗೆ ಸಮತೂಕ, ಸುತ್ತ ನಿಶ್ಶಬ್ದ. ಆತನ ಯಾವ ಚಿತ್ರವನ್ನು ನೋಡಿದರೂ ಈ ಬಲಿಪೀಠದ ನೆರಳು ಕಾಣುತ್ತದೆ.

ಬ್ರೂಕ್ಲಿನ್‌ನ ಪ್ರ್ಯಾಟ್ ಸಂಸ್ಥೆಯಲ್ಲಿ ಚಿತ್ರಕಲೆ ಮತ್ತು ಶಿಲ್ಪಕಲೆ ಓದಿ, ಪದವಿ ಮುಗಿಸದೆ ಹೊರಬಂದ. 1967ರಲ್ಲಿ ಪ್ಯಾಟಿ ಸ್ಮಿತ್‌ಳ ಪರಿಚಯವಾಯಿತು. ಮುಂದೆ ಕವಯಿತ್ರಿಯಾಗಿ, ಗಾಯಕಿಯಾಗಿ ಹೆಸರಾದ ಆಕೆ ಆಗ ಆತನಷ್ಟೇ ಬಡವಳು. ಇಬ್ಬರೂ ಕೆಲಕಾಲ ಒಟ್ಟಿಗೆ ಬದುಕಿದರು, 1969ರಲ್ಲಿ ಚೆಲ್ಸಿ ಹೋಟೆಲಿನ ಸಣ್ಣ ಕೋಣೆಗೆ ಬಂದರು. ತಾನು ಸಲಿಂಗಪ್ರೇಮಿ ಎಂಬುದನ್ನು ಆತ ಅರಿತುಕೊಂಡ ಮೇಲೂ ಇಬ್ಬರ ಗೆಳೆತನ ಕೊನೆಯವರೆಗೆ ಉಳಿಯಿತು. ಆತನಿಗೆ ಕೊಟ್ಟ ಮಾತಿನಂತೆ ಆ ದಿನಗಳನ್ನು ಕುರಿತು ಆಕೆ ಬರೆದ 'ಜಸ್ಟ್ ಕಿಡ್ಸ್' 2010ರಲ್ಲಿ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. 1975ರಲ್ಲಿ ಬಂದ ಆಕೆಯ 'ಹಾರ್ಸಸ್' ಆಲ್ಬಮ್ಮಿನ ಹೊದಿಕೆಯ ಮೇಲಿನ ಚಿತ್ರ ಮೇಪಲ್‌ಥಾರ್ಪ್ ತೆಗೆದದ್ದೇ. ಬಿಳಿ ಅಂಗಿ, ಹೆಗಲ ಮೇಲೆ ಕಪ್ಪು ಕೋಟು, ನೋಡುವವರನ್ನೇ ನೇರವಾಗಿ ನೋಡುತ್ತಿರುವ ಹೆಣ್ಣು. ಈ ಚಿತ್ರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇಲ್ಲಿ ನೋಡಲ್ಪಡುವವಳೂ ನೋಡುತ್ತಿದ್ದಾಳೆ.

ಛಾಯಾಗ್ರಹಣವನ್ನು ಆತ ಯಾರ ಬಳಿಯೂ ಕ್ರಮವಾಗಿ ಕಲಿತವನಲ್ಲ. ಪತ್ರಿಕೆಗಳಿಂದ ಕತ್ತರಿಸಿದ ಚಿತ್ರಗಳನ್ನು ಅಂಟಿಸಿ ಕೃತಿ ಮಾಡುತ್ತಿದ್ದವನು, ಬೇರೆಯವರ ಚಿತ್ರ ಹುಡುಕುವ ಬದಲು ನಾನೇ ಯಾಕೆ ತೆಗೆಯಬಾರದೆಂದು 1970ರ ಸುಮಾರಿಗೆ ಪೊಲರಾಯ್ಡ್ ಕ್ಯಾಮೆರಾ ಕೈಗೆತ್ತಿಕೊಂಡ. 1972ರಲ್ಲಿ ಸ್ಯಾಮ್ ವ್ಯಾಗ್‌ಸ್ಟಾಫ್ ಎಂಬ ಶ್ರೀಮಂತ ಸಂಗ್ರಾಹಕ ಆತನ ಸಂಗಾತಿಯಾದ, ಪೋಷಕನೂ ಆದ. ಆತ ಕೊಡಿಸಿದ ಹ್ಯಾಸಲ್‌ಬ್ಲಾಡ್ ಕ್ಯಾಮೆರಾದಿಂದಲೇ ನಾವು ಇಂದು ಮೇಪಲ್‌ಥಾರ್ಪ್ ಶೈಲಿ ಎಂದು ಗುರುತಿಸುವ ಚಿತ್ರಗಳು ಬಂದವು. ಚೌಕಾಕಾರದ ಕಪ್ಪು-ಬಿಳುಪು ಚಿತ್ರ, ಸ್ಟುಡಿಯೋದ ಹತೋಟಿಯ ಬೆಳಕು, ಎಲ್ಲಿಯೂ ಒಂದು ಕೂದಲೆಳೆಯಷ್ಟೂ ಅಜಾಗರೂಕತೆಯಿಲ್ಲ.

ಆತನ ಚಿತ್ರಗಳನ್ನು ನಾವು ಮೊದಲು ಕಂಡದ್ದು ಹೂಗಳಿಂದ. ಟ್ಯೂಲಿಪ್, ಆರ್ಕಿಡ್, ಕ್ಯಾಲಾ ಲಿಲಿ. ಹೂವೆಂದರೆ ನಮ್ಮ ಕಲ್ಪನೆಯಲ್ಲಿ ಮೃದುತ್ವ, ಪರಿಮಳ. ಆತನ ಹೂಗಳಲ್ಲಿ ಅದೇನೂ ಇಲ್ಲ. ಅವು ಅಮೃತಶಿಲೆಯಲ್ಲಿ ಕೆತ್ತಿದಂತೆ ತಣ್ಣಗೆ ನಿಂತಿರುತ್ತವೆ. ಅನಂತರ ಮನುಷ್ಯ ದೇಹಗಳ ಚಿತ್ರಗಳನ್ನು ಕಂಡಾಗ ಒಂದು ವಿಷಯ ಹೊಳೆಯಿತು. ಆತ ಹೂವನ್ನು ದೇಹದಂತೆಯೂ ದೇಹವನ್ನು ಹೂವಿನಂತೆಯೂ ನೋಡುತ್ತಾನೆ, ಎರಡಕ್ಕೂ ಒಂದೇ ಬೆಳಕು. ಆತ ಹೊರತಂದ ಮೂರು ಸಂಪುಟಗಳ ಹೆಸರುಗಳೇ ಇದನ್ನು ಹೇಳುತ್ತವೆ: ಎಕ್ಸ್, ವೈ, ಜೆಡ್. ಒಂದೊಂದರಲ್ಲಿ 13 ಚಿತ್ರಗಳು. 1978ರ ಎಕ್ಸ್‌ನಲ್ಲಿ ನ್ಯೂಯಾರ್ಕಿನ ಸಲಿಂಗಪ್ರೇಮಿ ಗಂಡಸರ ಒಂದು ಗುಪ್ತ ವಲಯದ ಹಿಂಸೆ ಬೆರೆತ ಕಾಮಲೀಲೆಗಳು. ಅದೇ ವರ್ಷದ ವೈನಲ್ಲಿ ಹೂಗಳು. 1981ರ ಜೆಡ್‌ನಲ್ಲಿ ಕಪ್ಪು ಗಂಡಸರ ನಗ್ನ ದೇಹಗಳು. ನೋಡುವವರಿಗೆ ಆಘಾತವಾಗುವುದು ಎಕ್ಸ್‌ನಿಂದ ಮಾತ್ರವಲ್ಲ, ಈ ಮೂರನ್ನೂ ಆತ ಒಂದೇ ಅಕ್ಷರಮಾಲೆಯಲ್ಲಿ ಪಕ್ಕಪಕ್ಕ ಕೂರಿಸಿದ್ದರಿಂದ.

ಎಕ್ಸ್‌ನ ಕೆಲವು ಚಿತ್ರಗಳ ಮುಂದೆ ನಮಗೆ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಇದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ನಮ್ಮ ಮುಜುಗರವೇ ಕೃತಿಯ ಬೆಲೆಯನ್ನು ನಿರ್ಧರಿಸುವ ತಕ್ಕಡಿಯಾಗಬಾರದು. ಯಾರ ಕಣ್ಣಿಗೂ ಬೀಳದಂತೆ ಬದುಕಬೇಕಾಗಿದ್ದ ಒಂದು ಸಮುದಾಯವನ್ನು ಆತ ಒಳಗಿನವನಾಗಿ, ನಾಚಿಕೆಯಿಲ್ಲದೆ, ಗೇಲಿಯೂ ಇಲ್ಲದೆ ತೋರಿಸಿದ. ಆ ವಲಯದಲ್ಲಿ ಆತನೂ ಒಬ್ಬನಾಗಿದ್ದ, ತನ್ನನ್ನೇ ಅಂಥ ಸ್ಥಿತಿಯಲ್ಲಿ ಚಿತ್ರಿಸಿಕೊಂಡಿದ್ದ. ಅಲ್ಲಿ ನೋಡುವವನೂ ನೋಡಲ್ಪಡುವವನೂ ಒಂದೇ ನೆಲದ ಮೇಲೆ ನಿಂತಿದ್ದಾರೆ. ಜೆಡ್‌ಗೆ ಬಂದಾಗ ಈ ನೆಲ ಅಲುಗಾಡುತ್ತದೆ. ಅದಕ್ಕೆ ಮುಂದೆ ಬರೋಣ.

1986ರಲ್ಲಿ ಆತನಿಗೆ ಏಡ್ಸ್ ಇರುವುದು ಗೊತ್ತಾಯಿತು. ಮರುವರ್ಷದ ಜನವರಿಯಲ್ಲಿ ಅದೇ ಕಾಯಿಲೆಯಿಂದ ವ್ಯಾಗ್‌ಸ್ಟಾಫ್ ತೀರಿಕೊಂಡ. 1988ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಮೇಪಲ್‌ಥಾರ್ಪ್‌ನ ದೊಡ್ಡ ಪ್ರದರ್ಶನ ಏರ್ಪಡಿಸಿತು. ಅದೇ ವರ್ಷ ಆತ ತನ್ನ ಹೆಸರಿನ ಪ್ರತಿಷ್ಠಾನ ಸ್ಥಾಪಿಸಿದ. ಛಾಯಾಗ್ರಹಣಕ್ಕೆ ನೆರವು ನೀಡುವುದರ ಜೊತೆಗೆ ಏಡ್ಸ್ ಸಂಶೋಧನೆಗೆ ಹಣ ಒದಗಿಸುವುದೂ ಅದರ ಉದ್ದೇಶವಾಯಿತು. 1989ರ ಮಾರ್ಚ್ 9ರಂದು ಬೋಸ್ಟನ್ನಿನಲ್ಲಿ ತೀರಿಕೊಂಡಾಗ ಆತನಿಗೆ 42 ವರ್ಷ.

ಗದ್ದಲ ಎದ್ದದ್ದು ಆಮೇಲೆ. ಫಿಲಡೆಲ್ಫಿಯಾದ ಸಮಕಾಲೀನ ಕಲಾ ಸಂಸ್ಥೆ 'ದಿ ಪರ್ಫೆಕ್ಟ್ ಮೊಮೆಂಟ್' ಎಂಬ ಪ್ರದರ್ಶನವನ್ನು 1988ರ ಡಿಸೆಂಬರಿನಲ್ಲಿ ತೆರೆದಿತ್ತು. ಅದಕ್ಕೆ ಸರ್ಕಾರದ ರಾಷ್ಟ್ರೀಯ ಕಲಾ ನಿಧಿಯಿಂದ 30,000 ಡಾಲರ್ ನೆರವು ಸಿಕ್ಕಿತ್ತು. ಫಿಲಡೆಲ್ಫಿಯಾದಲ್ಲಿ, ಶಿಕಾಗೋದಲ್ಲಿ ಯಾರೂ ದೊಡ್ಡದಾಗಿ ತಕರಾರೆತ್ತಲಿಲ್ಲ. ಮುಂದೆ ಪ್ರದರ್ಶನ ವಾಷಿಂಗ್ಟನ್ನಿಗೆ ಬರಬೇಕಿತ್ತು. ಆ ಹೊತ್ತಿಗೆ ಆಂಡ್ರೆಸ್ ಸೆರಾನೋ ಎಂಬ ಮತ್ತೊಬ್ಬ ಕಲಾವಿದ ಮೂತ್ರದಲ್ಲಿ ಮುಳುಗಿಸಿದ ಶಿಲುಬೆಯ ಚಿತ್ರ ತೆಗೆದದ್ದರ ವಿರುದ್ಧ ಸಂಸತ್ತಿನಲ್ಲಿ ಕೂಗೆದ್ದಿತ್ತು. ಉತ್ತರ ಕೆರೊಲೈನಾದ ಸೆನೆಟರ್ ಜೆಸ್ಸಿ ಹೆಲ್ಮ್ಸ್ ಮುಂತಾದವರ ಕಣ್ಣು ಈಗ ಮೇಪಲ್‌ಥಾರ್ಪ್ ಮೇಲೆ ಬಿತ್ತು. ಹೆದರಿದ ಕಾರ್ಕೋರನ್ ಗ್ಯಾಲರಿ 1989ರ ಜೂನ್‌ನಲ್ಲಿ ಪ್ರದರ್ಶನ ರದ್ದು ಮಾಡಿತು. ಜೂನ್ 30ರ ರಾತ್ರಿ ಕಲಾವಿದರು ಅದೇ ಗ್ಯಾಲರಿಯ ಹೊರಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಆತನ ಚಿತ್ರಗಳನ್ನು ಹಾಯಿಸಿ ಪ್ರತಿಭಟಿಸಿದರು. ಕಲಾ ನಿಧಿಯ ಬಜೆಟ್ಟಿನಲ್ಲಿ ಸಂಸತ್ತು 45,000 ಡಾಲರ್ ಕಡಿತ ಮಾಡಿತು. ಲೆಕ್ಕ ಸರಳ: ಮೇಪಲ್‌ಥಾರ್ಪ್ ಪ್ರದರ್ಶನಕ್ಕೆ ಕೊಟ್ಟದ್ದು 30,000, ಸೆರಾನೋಗೆ ಹೋದದ್ದು 15,000. ದೊಡ್ಡ ಸರ್ಕಾರಕ್ಕೆ ಇದು ಚಿಲ್ಲರೆ ಕಾಸು. ಕಲಾವಿದರಿಗೆ ಕೊಟ್ಟ ಎಚ್ಚರಿಕೆ ಮಾತ್ರ ದೊಡ್ಡದು.

ಇನ್ನು ಸಿನ್ಸಿನಾಟಿ. ಪ್ರದರ್ಶನದಲ್ಲಿದ್ದ 175 ಚಿತ್ರಗಳಲ್ಲಿ ಆರೋಪ ಬಂದದ್ದು ಏಳರ ಮೇಲೆ. ಐದು ಎಕ್ಸ್ ಸಂಪುಟದವು, ಎರಡು ಮಕ್ಕಳ ಚಿತ್ರಗಳು. ಮಕ್ಕಳ ಚಿತ್ರಗಳನ್ನು ತಾಯಂದಿರ ಒಪ್ಪಿಗೆಯಿಂದಲೇ ತೆಗೆಯಲಾಗಿತ್ತು. ತಾಯಿಯ ಒಪ್ಪಿಗೆ ಮಗುವಿನ ಒಪ್ಪಿಗೆಯೂ ಹೌದೇ ಎಂಬ ಪ್ರಶ್ನೆಯನ್ನು ಇಂದು ನಾವು ಆಗಿಗಿಂತ ಗಟ್ಟಿಯಾಗಿ ಕೇಳಬೇಕಾಗುತ್ತದೆ. ಅಮೆರಿಕದ ಕಾನೂನಿನಲ್ಲಿ 1973ರಿಂದ ಒಂದು ಅಳತೆಗೋಲಿದೆ. ಕಾಮೋದ್ರೇಕವೇ ಉದ್ದೇಶವಾಗಿದ್ದು, ಸ್ಥಳೀಯ ಸಮಾಜದ ಸಾಮಾನ್ಯ ಮನುಷ್ಯನಿಗೆ ಅಸಹ್ಯವೆನಿಸಿ, ಜೊತೆಗೆ ಗಂಭೀರವಾದ ಸಾಹಿತ್ಯಿಕ, ಕಲಾತ್ಮಕ, ರಾಜಕೀಯ ಅಥವಾ ವೈಜ್ಞಾನಿಕ ಮೌಲ್ಯ ಇಲ್ಲದಿದ್ದರೆ ಮಾತ್ರ ಅದು ಅಶ್ಲೀಲ. ಆದ್ದರಿಂದ ಪ್ರತಿವಾದಿಗಳು ಮಾಡಿದ್ದು ಒಂದೇ ಕೆಲಸ: ಇದು ಕಲೆ ಎಂದು ಸಾಬೀತು ಮಾಡುವುದು. ಮ್ಯೂಸಿಯಂಗಳ ತಜ್ಞರು ಒಬ್ಬರಾದ ಮೇಲೊಬ್ಬರು ಬಂದು ಬೆಳಕಿನ ಬಗ್ಗೆ, ಗೆರೆಯ ಬಗ್ಗೆ, ಚೌಕಟ್ಟಿನ ಸಮತೋಲದ ಬಗ್ಗೆ ಸಾಕ್ಷ್ಯ ನುಡಿದರು. ಎಂಟು ಜನರ ಜ್ಯೂರಿಯಲ್ಲಿ ಹೆಚ್ಚಿನವರು ಮ್ಯೂಸಿಯಂಗಳಿಗೆ ಹೋಗುವ ಅಭ್ಯಾಸವಿಲ್ಲದ ಸಾಧಾರಣ ಜನ. ಚಿತ್ರಗಳು ಅವರಿಗೆ ಹಿಡಿಸಲಿಲ್ಲ. ಆದರೂ ತಜ್ಞರ ಮಾತನ್ನು ತಳ್ಳಿಹಾಕಲು ಅವರಿಗೆ ಆಧಾರ ಸಿಗಲಿಲ್ಲ. 1990ರ ಅಕ್ಟೋಬರ್ 5ರಂದು ಎಲ್ಲ ಆರೋಪಗಳಿಂದಲೂ ಬಿಡುಗಡೆಯಾಯಿತು. ಅಷ್ಟರಲ್ಲಿ ಆ ಊರಿನಲ್ಲಿ 80,000ಕ್ಕೂ ಹೆಚ್ಚು ಜನ ಪ್ರದರ್ಶನ ನೋಡಿ ಹೋಗಿದ್ದರು. ಮುಚ್ಚಲು ಹೋದವರೇ ಡಂಗುರ ಹೊಡೆದಂತಾಯಿತು.

ತೀರ್ಪು ಸರಿಯಾದದ್ದೇ. ಉರ್ದು ಓದಿದ ನಮ್ಮಂಥವರಿಗೆ ಇದು ಹೊಸದೂ ಅಲ್ಲ. ಇಸ್ಮತ್ ಚುಗ್ತಾಯಿ 'ಲಿಹಾಫ್' ಕಥೆಗಾಗಿ, ಮಂಟೋ ತನ್ನ ಹಲವು ಕಥೆಗಳಿಗಾಗಿ ಲಾಹೋರಿನ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದನ್ನು ಕೇಳುತ್ತಲೇ ನಾವು ಕಥೆ ಬರೆಯಲು ಕಲಿತೆವು. ಕಲೆಯನ್ನು ಪೊಲೀಸರ ಕೈಗೆ ಒಪ್ಪಿಸಬಾರದು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಈ ಗೆಲುವಿಗೆ ಒಂದು ಬೆಲೆ ತೆರಬೇಕಾಯಿತು. ಚಿತ್ರಗಳನ್ನು ಉಳಿಸುವ ಸಲುವಾಗಿ, ಅವುಗಳಲ್ಲಿ ಮನುಷ್ಯರೇ ಇಲ್ಲವೇನೋ, ಇರುವುದು ಬರೀ ಗೆರೆ ಮತ್ತು ನೆರಳೇನೋ ಎಂಬಂತೆ ಮಾತಾಡಬೇಕಾಯಿತು. ಸತ್ತ ಕಲಾವಿದ ಕೂಡ ಇದಕ್ಕೆ ನಕ್ಕಿರುತ್ತಿದ್ದ.

ಮನುಷ್ಯರಿದ್ದಾರೆ ಎಂದು ಹೇಳಿದವರು ಬೇರೆ ಕಡೆಯಿಂದ ಬಂದರು. 1986ರಲ್ಲಿ ಮೇಪಲ್‌ಥಾರ್ಪ್‌ನ 'ಬ್ಲ್ಯಾಕ್ ಬುಕ್' ಪ್ರಕಟವಾಗಿತ್ತು. ಪುಸ್ತಕದ ತುಂಬ ಕಪ್ಪು ಗಂಡಸರ ದೇಹಗಳು, ಕಂಚಿನ ಪ್ರತಿಮೆಗಳಂತೆ ಹೊಳೆಯುವಂಥವು. ಇವುಗಳಲ್ಲಿ ಅತಿ ಹೆಚ್ಚು ಚರ್ಚೆಗೆ ಬಂದದ್ದು 1980ರ 'ಮ್ಯಾನ್ ಇನ್ ಪಾಲಿಯೆಸ್ಟರ್ ಸೂಟ್'. ಸೂಟು ತೊಟ್ಟ ಕಪ್ಪು ಮನುಷ್ಯನೊಬ್ಬ ನಿಂತಿದ್ದಾನೆ. ಚೌಕಟ್ಟು ಎದೆಯಿಂದ ಆರಂಭವಾಗಿ ಮೊಣಕಾಲಿನ ಹತ್ತಿರ ಮುಗಿಯುತ್ತದೆ. ಪ್ಯಾಂಟಿನ ಜಿಪ್ ತೆರೆದಿದೆ, ಜನನಾಂಗ ಹೊರಗಿದೆ. ತಲೆ ಇಲ್ಲ. ಇನ್ನೊಂದು ಹೆಸರಾಂತ ಚಿತ್ರ 1984ರದು. ಕೂದಲಿಲ್ಲದ ಇಬ್ಬರು ಗಂಡಸರು, ಒಬ್ಬ ಕಪ್ಪು, ಒಬ್ಬ ಬಿಳಿ, ಪಕ್ಕಪಕ್ಕದಲ್ಲಿ. ಬಿಳಿಯನ ಕಣ್ಣು ತೆರೆದಿದೆ, ಕಪ್ಪು ಮನುಷ್ಯನ ಕಣ್ಣು ಮುಚ್ಚಿದೆ. ಪ್ಯಾಟಿ ಸ್ಮಿತ್‌ಳ ಆ ನೇರ ನೋಟವನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

ವಾಷಿಂಗ್ಟನ್ನಿನಲ್ಲಿ ಬೆಳೆದ ಕಪ್ಪು ಕವಿ ಎಸೆಕ್ಸ್ ಹೆಂಪ್‌ಹಿಲ್ ಈ ತಲೆಯಿಲ್ಲದ ಚಿತ್ರವನ್ನು ಕಟುವಾಗಿ ಟೀಕಿಸಿದ. ಕಪ್ಪು ಮನುಷ್ಯನೆಂದರೆ ಒಂದು ಅಂಗ ಮಾತ್ರ ಎಂಬುದು ಗುಲಾಮಗಿರಿಯ ಕಾಲದಿಂದ ಬಂದ ಕಲ್ಪನೆ. ಅದನ್ನೇ ಈ ಚಿತ್ರ ಸುಂದರವಾಗಿ ಮತ್ತೆ ಹೇಳುತ್ತಿದೆ ಎಂಬುದು ಆತನ ವಾದದ ತಿರುಳು. ಹೆಂಪ್‌ಹಿಲ್ ಸ್ವತಃ ಸಲಿಂಗಪ್ರೇಮಿ, ಆತನೂ 1995ರಲ್ಲಿ ಏಡ್ಸ್‌ನಿಂದಲೇ ತೀರಿಕೊಂಡ. ಹೆಲ್ಮ್ಸ್‌ನ ಸಾಲಿನಲ್ಲಿ ಕೂರಿಸಿ ಆತನ ಮಾತನ್ನು ತಳ್ಳಿಹಾಕಲು ಯಾರಿಗೂ ಸಾಧ್ಯವಿರಲಿಲ್ಲ. ಚಿತ್ರದೊಳಗಿನ ಮನುಷ್ಯನೇ ತನ್ನ ಮುಖ ತೋರಿಸಬಾರದೆಂದು ಕೇಳಿಕೊಂಡಿದ್ದ ಎಂದು ಮೇಪಲ್‌ಥಾರ್ಪ್‌ನ ಜೀವನಚರಿತ್ರೆಯಲ್ಲಿ ಬರುತ್ತದೆ. ಇದು ನಿಜವಾದರೆ ತಲೆ ಕತ್ತರಿಸಿದ ಅಪವಾದ ಕಲಾವಿದನೊಬ್ಬನ ಮೇಲೆಯೇ ಬರುವುದಿಲ್ಲ. ಆದರೆ ಮುಖ ತೋರಿಸಿದರೆ ಬದುಕು ಕಷ್ಟವಾದೀತೆಂಬ ಹೆದರಿಕೆ ಯಾರಿಗಿತ್ತು, ಯಾರಿಗಿರಲಿಲ್ಲ ಎಂಬುದನ್ನೂ ಅದು ಹೇಳುತ್ತದೆ.

ಬ್ರಿಟನ್ನಿನ ಕಪ್ಪು ವಿಮರ್ಶಕ ಕೊಬೆನಾ ಮರ್ಸರ್ 1986ರಲ್ಲಿಯೇ ಇಂಥದೇ ಆಕ್ಷೇಪವನ್ನು ವಿವರವಾಗಿ ಬರೆದಿದ್ದ. ಬಿಳಿಯನ ಕಣ್ಣು ಕಪ್ಪು ದೇಹವನ್ನು ಪೂಜೆಯ ವಸ್ತುವನ್ನಾಗಿ ಮಾಡುತ್ತದೆ, ಪೂಜೆಯೂ ಒಂದು ಬಗೆಯ ಯಜಮಾನಿಕೆಯೇ ಎಂಬುದು ಆ ಲೇಖನದ ನಿಲುವು. ಕೆಲವೇ ವರ್ಷಗಳಲ್ಲಿ ಆತ ತನ್ನ ಲೇಖನವನ್ನು ತಾನೇ ತಿದ್ದಿ ಬರೆದ. ಕಲಾವಿದ ತೀರಿಕೊಂಡಿದ್ದ, ಹೆಲ್ಮ್ಸ್ ಬಳಗ ಅದೇ ಚಿತ್ರಗಳನ್ನು ಹಿಡಿದು ಇಡೀ ಸಮುದಾಯದ ಮೇಲೆ ಬಿದ್ದಿತ್ತು, ತನ್ನ ಟೀಕೆ ಅವರ ಕೈಗೆ ಆಯುಧವಾಗಬಹುದೆಂಬ ಎಚ್ಚರ ಮೂಡಿತ್ತು. ಇದಕ್ಕಿಂತ ಮುಖ್ಯವಾಗಿ, ಸಲಿಂಗಪ್ರೇಮಿಯಾದ ತಾನೂ ಆ ದೇಹಗಳನ್ನು ಆಸೆಯಿಂದಲೇ ನೋಡಿದ್ದೆ, ಹಾಗಾಗಿ ನೋಟದ ಅಪರಾಧವನ್ನು ಒಬ್ಬ ಬಿಳಿಯನ ಮೇಲೆ ಹೊರಿಸಿ ಕೈತೊಳೆದುಕೊಳ್ಳುವಂತಿಲ್ಲ ಎಂದು ಆತ ಒಪ್ಪಿಕೊಂಡ. ಮೊದಲಿನ ಪ್ರಶ್ನೆಯನ್ನು ಆತ ಕೈಬಿಡಲಿಲ್ಲ. ಅದಕ್ಕೆ ತನ್ನನ್ನೂ ಗುರಿ ಮಾಡಿಕೊಂಡ. ವಿಮರ್ಶಕರು ಹೀಗೆ ತಮ್ಮ ಮಾತನ್ನು ಬಹಿರಂಗವಾಗಿ ತಿದ್ದಿಕೊಂಡದ್ದನ್ನು ನಾವು ಕಂಡದ್ದು ಕಡಿಮೆ.

ಮೂರನೆಯ ಉತ್ತರ ಒಬ್ಬ ಕಲಾವಿದನದು. ನ್ಯೂಯಾರ್ಕಿನ ಕಪ್ಪು ಕಲಾವಿದ ಗ್ಲೆನ್ ಲೈಗನ್ 'ಬ್ಲ್ಯಾಕ್ ಬುಕ್'ನ 91 ಚಿತ್ರಗಳ ಹಾಳೆಗಳನ್ನು ಬಿಡಿಸಿ, ಒಂದೊಂದಕ್ಕೂ ಕಟ್ಟು ಹಾಕಿಸಿ, ಗೋಡೆಯ ಮೇಲೆ ಎರಡು ಸಾಲುಗಳಲ್ಲಿ ಜೋಡಿಸಿದ. ಆ ಎರಡು ಸಾಲುಗಳ ನಡುವೆ ಇತಿಹಾಸಕಾರರು, ತತ್ವಶಾಸ್ತ್ರಜ್ಞರು, ಧರ್ಮಪ್ರಚಾರಕರು, ಕಾರ್ಯಕರ್ತರು ಆಡಿದ 78 ಮಾತುಗಳನ್ನು ಚಿಕ್ಕ ಚೌಕಟ್ಟುಗಳಲ್ಲಿ ಇಟ್ಟ. 1991ರಿಂದ 1993ರವರೆಗೆ ರೂಪುಗೊಂಡ ಈ ಕೃತಿಯ ಹೆಸರು 'ಬ್ಲ್ಯಾಕ್ ಬುಕ್‌ನ ಅಂಚಿನ ಟಿಪ್ಪಣಿಗಳು' ಎಂಬರ್ಥದ್ದು. ಯಾವ ಚಿತ್ರವನ್ನೂ ಆತ ಹರಿಯಲಿಲ್ಲ, ಮಸಿ ಬಳಿಯಲಿಲ್ಲ, ತೆಗೆಯಿರೆಂದು ಒತ್ತಾಯಿಸಲಿಲ್ಲ. ಎಲ್ಲವನ್ನೂ ನೋಡಿ, ಆದರೆ ಈ ಮಾತುಗಳನ್ನು ಓದದೆ ನೋಡಬೇಡಿ ಎಂದ, ಅಷ್ಟೆ.

ನಾವು ಇಷ್ಟು ದೂರದ ಜಗಳವೊಂದರಲ್ಲಿ ಇಷ್ಟು ಆಸಕ್ತಿ ತಳೆಯಲು ಕಾರಣವಿದೆ. ವರ್ಷಗಳ ಹಿಂದೆ ನಮ್ಮ ಓಣಿಯ ಬದುಕನ್ನು ಕುರಿತು ನಾವೊಂದು ಕಥೆ ಬರೆದಿದ್ದೆವು. ಗಂಡ ಬಿಟ್ಟುಹೋದ ಮೇಲೆ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದ ಹೆಂಗಸೊಬ್ಬಳ ಕಥೆ. ಅದಕ್ಕೆ ಮೆಚ್ಚುಗೆ ಬಂತು, ಬೈಗುಳವೂ ಬಂತು. ನಮ್ಮವರ ಮರ್ಯಾದೆಯನ್ನು ಬೀದಿಗೆಳೆದಿರಿ ಎಂದವರಿಗೆ ಉತ್ತರ ಹೇಳುವುದು ನಮಗೆ ಕಷ್ಟವಾಗಲಿಲ್ಲ, ಸತ್ಯ ಬರೆಯುವುದು ನಮ್ಮ ಹಕ್ಕು ಎಂದೆವು. ಆದರೆ ಒಂದು ದಿನ ಓಣಿಯ ಖಾಲಾ ಒಬ್ಬರು ನಮ್ಮನ್ನು ಕರೆದರು. ಕಥೆಯನ್ನು ಅವರ ಮೊಮ್ಮಗಳು ಓದಿ ಹೇಳಿದ್ದಳಂತೆ. "ಬೇಟಾ, ನೀನು ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಹೆಸರು ಬದಲಾಯಿಸಿದೆ, ಬಾಗಿಲು ಬದಲಾಯಿಸಲಿಲ್ಲ. ಓಣಿಯವರೆಲ್ಲ ಈಗ ನನ್ನ ಬಾಗಿಲನ್ನೇ ನೋಡುತ್ತಾರೆ. ಬರೆಯುವ ಮೊದಲು ನನ್ನನ್ನೊಂದು ಮಾತು ಕೇಳಬಹುದಿತ್ತಲ್ಲ" ಎಂದರು. ಬೈದವರಿಗೆ ಕೊಟ್ಟ ಉತ್ತರ ಈ ಮಾತಿಗೆ ಒದಗಲಿಲ್ಲ. ಕಥೆಯನ್ನು ನಾವು ಹಿಂತೆಗೆದುಕೊಳ್ಳಲಿಲ್ಲ, ಖಾಲಾ ಹಾಗೆ ಕೇಳಿದವರೂ ಅಲ್ಲ. ಆದರೆ ಆಮೇಲೆ ಯಾವ ಕಥೆ ಬರೆಯುವಾಗಲೂ ಆ ಬಾಗಿಲು ನಮ್ಮ ಕಣ್ಣಮುಂದೆ ಇದೆ.

ಮೇಪಲ್‌ಥಾರ್ಪ್ ಪ್ರಕರಣದಲ್ಲಿಯೂ ಇದೇ ಎರಡು ಬಗೆಯ ಆಕ್ಷೇಪಗಳಿವೆ, ಅವನ್ನು ಬೆರೆಸಿದರೆ ಅನ್ಯಾಯವಾಗುತ್ತದೆ. ಹೆಲ್ಮ್ಸ್‌ಗೆ ಚಿತ್ರದೊಳಗಿನ ಕಪ್ಪು ಮನುಷ್ಯನ ಬಗ್ಗೆ ಕಾಳಜಿಯಿರಲಿಲ್ಲ. ಆತನಿಗೆ ಆ ಚಿತ್ರ ಇಲ್ಲವಾಗಬೇಕಿತ್ತು, ಅಂಥ ಮನುಷ್ಯರೇ ಕಣ್ಣಿಗೆ ಬೀಳಬಾರದಿತ್ತು. ಹೆಂಪ್‌ಹಿಲ್, ಮರ್ಸರ್, ಲೈಗನ್ ಕೇಳಿದ್ದು ಆ ಮನುಷ್ಯ ಪೂರ್ತಿಯಾಗಿ ಕಾಣಲಿ ಎಂದು. ನೋವಾಯಿತು ಎಂದು ಹೇಳುವ ಸಮುದಾಯಗಳಿಗೂ, ನೋವಿನ ಮಾತೆತ್ತಿದವರನ್ನೆಲ್ಲ ಕಲೆಯ ವೈರಿಗಳೆಂದು ಕರೆಯುವ ಕಲಾವಿದರಿಗೂ ಇಲ್ಲಿ ಕಲಿಯಬೇಕಾದದ್ದಿದೆ. ನಿಷೇಧ ಕೇಳದೆಯೂ ಆಕ್ಷೇಪಿಸಬಹುದು. ಸ್ವಾತಂತ್ರ್ಯವನ್ನು ಬಿಟ್ಟುಕೊಡದೆಯೂ ಆ ಆಕ್ಷೇಪಕ್ಕೆ ಕಿವಿಗೊಡಬಹುದು.

ಪರಂಪರೆಯ ಮಾತಿಗೆ ಬಂದರೆ, ಮಾರುಕಟ್ಟೆ ತನ್ನ ಲೆಕ್ಕ ಬರೆದಿದೆ. ಆ ತಲೆಯಿಲ್ಲದ ಸೂಟಿನ ಚಿತ್ರದ ಒಂದು ಪ್ರತಿ 2015ರಲ್ಲಿ ಸದಬೀಸ್ ಹರಾಜಿನಲ್ಲಿ 4,78,000 ಡಾಲರಿಗೆ ಮಾರಾಟವಾಯಿತು. ಪ್ರದರ್ಶನ ರದ್ದು ಮಾಡಿದ ಕಾರ್ಕೋರನ್ ಗ್ಯಾಲರಿ 2014ರಲ್ಲಿ ಮುಚ್ಚಿಹೋಯಿತು. ಆತನ ಪ್ರತಿಷ್ಠಾನದಿಂದ 1993ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂಗೆ ಸುಮಾರು 200 ಕೃತಿಗಳು ಹೋದವು, 2011ರಲ್ಲಿ ದೊಡ್ಡ ಸಂಗ್ರಹವೊಂದು ಲಾಸ್ ಏಂಜಲೀಸ್‌ನ ಎರಡು ಸಂಸ್ಥೆಗಳಿಗೆ ಸೇರಿತು. ಇವೆಲ್ಲ ಬೆಲೆಯ, ಖ್ಯಾತಿಯ ಮಾತು. ನಮಗೆ ಇನ್ನೊಂದು ಸಾಲು ಮುಖ್ಯವೆನಿಸುತ್ತದೆ. ಲಾಗೋಸ್‌ನಲ್ಲಿ 1955ರಲ್ಲಿ ಹುಟ್ಟಿ, 1966ರಲ್ಲಿ ಕುಟುಂಬದೊಂದಿಗೆ ಇಂಗ್ಲೆಂಡಿಗೆ ವಲಸೆ ಬಂದ ರೋಟಿಮಿ ಫನಿ-ಕಯೋಡೆ ಮೇಪಲ್‌ಥಾರ್ಪ್ ಓದಿದ್ದ ಪ್ರ್ಯಾಟ್‌ನಲ್ಲಿಯೇ ಓದಿದವನು. ಆತನೂ ಕಪ್ಪು ಗಂಡಸಿನ ದೇಹವನ್ನೇ ಚಿತ್ರಿಸಿದ. ಆದರೆ ಕ್ಯಾಮೆರಾ ಹಿಡಿದವನು ಒಳಗಿನವನು. ಯೊರುಬಾ ನಂಬಿಕೆಗಳು, ಊರು ಬಿಟ್ಟವನ ತಳಮಳ, ಪ್ರೀತಿ ಎಲ್ಲವೂ ಆ ದೇಹಗಳ ಜೊತೆಗೆ ಬಂದವು. 1989ರ ಡಿಸೆಂಬರಿನಲ್ಲಿ, ಮೇಪಲ್‌ಥಾರ್ಪ್ ಸತ್ತ ವರ್ಷವೇ, ಆತನೂ ಲಂಡನ್ನಿನಲ್ಲಿ ತೀರಿಕೊಂಡ. 2019ರಲ್ಲಿ ಗುಗನ್‌ಹೈಮ್ ಮೇಪಲ್‌ಥಾರ್ಪ್‌ನ ಚಿತ್ರಗಳನ್ನು ಮತ್ತೆ ಪ್ರದರ್ಶಿಸಿದಾಗ, ಅದರ ಎರಡನೆಯ ಭಾಗದಲ್ಲಿ ಲೈಗನ್‌ನ ಟಿಪ್ಪಣಿಗಳನ್ನೂ ಫನಿ-ಕಯೋಡೆಯ ಚಿತ್ರಗಳನ್ನೂ ಇಟ್ಟಿತು. ಮೇಪಲ್‌ಥಾರ್ಪ್‌ನನ್ನು ನೋಡಬೇಕಾದ ರೀತಿ ಇದೇ ಎಂದು ನಮಗೆ ಅನಿಸುತ್ತದೆ.

ಕೊನೆಯದಾಗಿ ಒಂದು ಚಿತ್ರ. 1988ರಲ್ಲಿ, ಸಾವಿಗೆ ಕೆಲವೇ ತಿಂಗಳುಗಳ ಮೊದಲು, ಮೇಪಲ್‌ಥಾರ್ಪ್ ತನ್ನದೇ ಚಿತ್ರ ತೆಗೆದುಕೊಂಡ. ಹಿಂದೆ ಕಪ್ಪು ಪರದೆ, ಮೈಮೇಲೆ ಕಪ್ಪು ಬಟ್ಟೆ. ಹಾಗಾಗಿ ಕತ್ತಲಿನಲ್ಲಿ ಕಾಣುವುದು ಎರಡೇ: ಕೃಶವಾದ ಒಂದು ಮುಖ, ತಲೆಬುರುಡೆಯ ಹಿಡಿಯಿರುವ ಊರುಗೋಲನ್ನು ಬಿಗಿಯಾಗಿ ಹಿಡಿದ ಒಂದು ಕೈ. ಬುರುಡೆ ಸ್ಪಷ್ಟವಾಗಿದೆ, ಮುಖ ಸ್ವಲ್ಪ ಮಸುಕಾಗಿದೆ. ಬೇರೆಯವರ ದೇಹದ ಮೇಲೆ ಚೆಲ್ಲಿದ ಅದೇ ತಣ್ಣನೆಯ ಬೆಳಕನ್ನು ಆತ ತನ್ನ ಸಾವಿನ ಮೇಲೂ ಚೆಲ್ಲಿದ್ದಾನೆ, ತನಗೆ ರಿಯಾಯಿತಿ ತೋರಿಸಿಕೊಂಡಿಲ್ಲ. ಅದಕ್ಕಾಗಿ ನಾವು ಆತನನ್ನು ಗೌರವಿಸುತ್ತೇವೆ. ಆದರೆ ಇಲ್ಲಿ ಮುಖವೂ ಆತನದು, ಕ್ಯಾಮೆರಾವೂ ಆತನದು, ಏನು ಕಾಣಬೇಕೆಂಬ ನಿರ್ಧಾರವೂ ಆತನದೇ. ಸೂಟು ತೊಟ್ಟು ನಿಂತ ಆ ಮನುಷ್ಯನಿಗೆ ಇವುಗಳಲ್ಲಿ ಎಷ್ಟು ದಕ್ಕಿತ್ತು ಎಂದು ಕೇಳುತ್ತಲೇ ಈ ಚಿತ್ರಗಳ ಮುಂದೆ ನಾವು ನಿಲ್ಲಬೇಕು.